ಪುಟಕ್ಕಿಷ್ಟು ಪೈಸೆ

ಮನೆ ಕಂದಾಯದ ರಸೀದಿಯನ್ನು ಪೂರ್ತಿ ಓದುವ ಪುಣ್ಯಾತ್ಮರು ಕಡಿಮೆ. ಓದಿದವರಿಗೆ ಅದರಲ್ಲೊಂದು ಕಡೆ ಗ್ರಂಥಾಲಯ ಕರ ಕಾಣುತ್ತದೆ. ಕಂದಾಯದ ಮೇಲೆ ನೂರಕ್ಕೆ 6. 1965ರ ಗ್ರಂಥಾಲಯ ಕಾಯ್ದೆಯ ಕೃಪೆ. ಜನ್ಮದಲ್ಲಿ ಒಂದು ಕವನ ಸಂಕಲನ ಕೊಳ್ಳದ ನಮ್ಮ ಬೀದಿಯ ಸಿಮೆಂಟ್ ಅಂಗಡಿ ಯಜಮಾನರೂ ಹೀಗೆ ವರ್ಷಾವರ್ಷ ಸಾಹಿತ್ಯಪೋಷಕರು. ಹಿಂದೆ ಈ ಭಾಗ್ಯ ಒಡೆಯರಂಥವರಿಗಷ್ಟೇ ಇತ್ತು. (ವಸೂಲಾದ ಕರವನ್ನು ಪಾಲಿಕೆಗಳು ಇಲಾಖೆಗೆ ದಾಟಿಸದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಳ್ಳುವುದು ಬೇರೆ ಪುರಾಣ.)

ಈ ಕರ ಸೇರಬೇಕಾದ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾದ ಪುಸ್ತಕದ 300 ಪ್ರತಿ ಹೋಗುತ್ತವೆ. ಸಾವಿರ ಪ್ರತಿ ಅಚ್ಚು ಹಾಕಿಸಿ ಮಂಚದ ಕೆಳಗೆ ತುಂಬಿಕೊಂಡ ಸಣ್ಣ ಪ್ರಕಾಶಕನಿಗೆ ಅಷ್ಟೇ ಸಾಕು, ಜೀವ ಬಂದಂತಾಗುತ್ತದೆ. ಬೆಲೆ ಕಟ್ಟುವ ರೀತಿ ಮಾತ್ರ ಸೊಗಸು: ಡೆಮಿ 1/8 ಆಕಾರದ ಪುಟಕ್ಕೆ ಇಷ್ಟು ಪೈಸೆ. ಮಹಾಕಾವ್ಯಕ್ಕೂ ಮಧುಮೇಹದ ಮನೆಮದ್ದಿಗೂ ಒಂದೇ ಲೆಕ್ಕ. ಪುಟದ ನಡುವೆ ಮೂರೇ ಸಾಲು ಕೂರಿಸುವ ಹನಿಗವಿ ಇಲ್ಲಿ ಗೆದ್ದ. ಅವನ ಬಿಳಿ ಜಾಗಕ್ಕೂ ಸರಕಾರ ದುಡ್ಡು ಕೊಡುತ್ತದೆ. ತಿದ್ದಿ ತಿದ್ದಿ ನಾನೂರು ಪುಟವನ್ನು ನೂರೈವತ್ತಕ್ಕೆ ಇಳಿಸಿದ ಕಾದಂಬರಿಕಾರ ತನ್ನ ಸಂಯಮಕ್ಕೆ ತಾನೇ ದಂಡ ತೆತ್ತ ಹಾಗೆ.

ಇದನ್ನು ಕಂಡು ನಗುವವರ ಸಾಲಿನಲ್ಲಿ ನಾನೂ ಇದ್ದೇನೆ. ಆದರೂ ಸ್ವಾಮಿ, ಸರಕಾರಕ್ಕೆ ರಸಾಭಿರುಚಿ ಬಂದರೆ ಗತಿಯೇನು ಅಂತ ಯೋಚಿಸಿದ್ದೀರಾ? 'ಸಂಸ್ಕಾರ' ಚಿತ್ರವನ್ನು ಮೊದಲು ಮದರಾಸಿನ ಸೆನ್ಸಾರ್ ಮಂಡಳಿ ತಡೆಹಿಡಿಯಿತು. ಆಮೇಲೆ ಕೇಂದ್ರದಿಂದ ಅನುಮತಿ ಸಿಕ್ಕಿತು. 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೇ ಬಂತು. ಬೇಡವೆಂದದ್ದೂ ಸರಕಾರದ ಕೈಯೇ, ಹಾರ ಹಾಕಿದ್ದೂ ಅದೇ ಸರಕಾರದ ಇನ್ನೊಂದು ಕೈ. ಎರಡೂ ಅಭಿರುಚಿಯ ಹೆಸರಿನಲ್ಲೇ.

ಅದೇ ಕಾಲದ ಸಹಾಯಧನದ ಕಥೆ ನೋಡಿ. 1960ರ ದಶಕದಲ್ಲಿ ನಮ್ಮ ರಾಜ್ಯ ಸರಕಾರ ಕನ್ನಡ ಚಿತ್ರಗಳಿಗೆ ಹಣ ಕೊಡಲು ಹೊರಟಾಗ ಕೇಳಿದ್ದು ಕಲೆಯನ್ನಲ್ಲ, ಜಾಗವನ್ನು: ಚಿತ್ರ ಇಲ್ಲೇ ತಯಾರಾಯಿತೋ ಇಲ್ಲವೋ? ಮದರಾಸಿನ ಸ್ಟುಡಿಯೊಗಳಲ್ಲಿ ಬೀಡುಬಿಟ್ಟಿದ್ದ ನಮ್ಮ ನಿರ್ಮಾಪಕರು ನಿಧಾನಕ್ಕೆ ಮೈಸೂರು, ಬೆಂಗಳೂರುಗಳ ಕಡೆ ಮುಖ ಮಾಡಿದ್ದಕ್ಕೆ ಈ ಒಣ ಪ್ರಶ್ನೆಯೂ ಒಂದು ಕಾರಣ. ಹಣ ಪಡೆದ ಚಿತ್ರಗಳಲ್ಲಿ ಕೆಟ್ಟವೂ ಇದ್ದವು, ಇರಲಿ. ಲೈಟ್‌ಬಾಯ್‌ಗಳಿಗೂ ಬಡಗಿಗಳಿಗೂ ಇಲ್ಲೇ ಕೆಲಸ ಸಿಕ್ಕಿತಲ್ಲ.

ಹಾಗಾಗಿ ಪುಟ ಎಣಿಸುವ ಗುಮಾಸ್ತರ ಮೇಲೆ ನನಗೆ ಅಂಥ ಕೋಪವಿಲ್ಲ. ಎಣಿಸಲಿ. ತಕರಾರು ಇರುವುದು ಎಣಿಸಿ ಮುಗಿದ ಮೇಲಿನ ಮೌನದ್ದು. ಪುಸ್ತಕ ಆಯ್ಕೆಯಾಯಿತು ಅಂತ ಪಟ್ಟಿ ಹೊರಬೀಳುತ್ತದೆ, ಪ್ರಕಾಶಕ ಸಿಹಿ ಹಂಚುತ್ತಾನೆ, ಹಣ ಮಾತ್ರ ಬಜೆಟ್ಟಿನಿಂದ ಬಜೆಟ್ಟಿಗೆ ಜಿಗಿಯುತ್ತಾ ಹೋಗುತ್ತದೆ. ಅಷ್ಟರಲ್ಲಿ ಕಾಗದದ ಅಂಗಡಿಯವನು ಬಾಕಿ ಕೇಳಿಕೊಂಡು ಬಾಗಿಲಿಗೆ ಬಂದಿರುತ್ತಾನೆ. ಆಯ್ಕೆಪಟ್ಟಿ ತೋರಿಸಿದರೆ ಅವನೇನೂ ಚಿಲ್ಲರೆ ಕೊಡುವುದಿಲ್ಲ.