ಬುಗ್ಗೆಯಲ್ಲಿ ಮಲಗಿದ್ದ ಕಡಲಹಸುಗಳು

ಮಗಳ ಮನೆ ಇರುವುದು ಅಮೆರಿಕದ ಫ್ಲೋರಿಡಾ ರಾಜ್ಯದ ಟ್ಯಾಂಪಾದಲ್ಲಿ. ಕಳೆದ ಜನವರಿಯಲ್ಲಿ ಹೋದಾಗ ನಾನು ಪೆಟ್ಟಿಗೆ ಬಿಚ್ಚುವ ಮೊದಲೇ ಒಂಬತ್ತು ವರ್ಷದ ಮೊಮ್ಮಗಳು ಪುಟ್ಟಿ ತನ್ನ ಹೊಸ ಈಜುಕನ್ನಡಕ ತಂದು ತೋರಿಸಿದಳು. “ಅಜ್ಜಿ, ಶನಿವಾರ ನಾನು ಮ್ಯಾನಟೀ ಜೊತೆ ಈಜ್ತೀನಿ!”

ಮ್ಯಾನಟೀ ಎಂದರೆ ಕಡಲಹಸು. 3 ಮೀಟರ್ ಉದ್ದ, 400-500 ಕಿಲೋ ತೂಕ. ನೀರಿನ ಹುಲ್ಲು ಮೇಯ್ದು ಬದುಕುವ ಸಾಧು ಪ್ರಾಣಿ. ಮೈ ಅಷ್ಟು ದೊಡ್ಡದಿದ್ದರೂ ಚಳಿ ತಡೆಯುವಷ್ಟು ಕೊಬ್ಬು ಅದಕ್ಕಿಲ್ಲ. ನೀರು 20 ಡಿಗ್ರಿಗಿಂತ ತಣ್ಣಗಾಗಿ ಹಾಗೇ ಉಳಿದರೆ ಜೀವಕ್ಕೇ ಅಪಾಯ. ಅದಕ್ಕೇ ಚಳಿಗಾಲದಲ್ಲಿ ಅವು ಮೆಕ್ಸಿಕೊ ಕೊಲ್ಲಿಯಿಂದ ಕ್ರಿಸ್ಟಲ್ ರಿವರ್ ಎಂಬ ಊರಿಗೆ ಬರುತ್ತವೆ. ಅಲ್ಲಿ ನೆಲದಡಿಯಿಂದ ಉಕ್ಕುವ ಬುಗ್ಗೆಗಳ ನೀರು ವರ್ಷವಿಡೀ ಸುಮಾರು 22 ಡಿಗ್ರಿ ಇರುತ್ತದೆ. ನಮಗದು ತಣ್ಣೀರು, ಅವಕ್ಕೆ ಬಚ್ಚಲುಮನೆಯ ಹಂಡೆ!

ಶನಿವಾರ ಬೆಳಿಗ್ಗೆ ಕೊರೆಯುವ ಚಳಿ. ಫ್ಲೋರಿಡಾ ಎಂದರೆ ಸದಾ ಸೆಕೆ ಎಂದು ನಂಬಿ ನಾನು ಒಂದೇ ಸ್ವೆಟರ್ ಒಯ್ದಿದ್ದೆ. ಒಂದೂವರೆ ಗಂಟೆ ಕಾರಿನಲ್ಲಿ ಹೋಗಿ ‘ತ್ರೀ ಸಿಸ್ಟರ್ಸ್’ ಬುಗ್ಗೆ ತಲುಪಿದರೆ, ಇವತ್ತು ಯಾರೂ ನೀರಿಗಿಳಿಯುವಂತಿಲ್ಲ ಎಂದರು. ಇಂಥ ದಿನ ಕಡಲಹಸುಗಳು ಬುಗ್ಗೆಯ ತುಂಬ ಸೇರಿಕೊಳ್ಳುತ್ತವೆ. ನಡುವೆ ಜನ ನುಗ್ಗಿದರೆ ಬೆದರಿ ಹೊರಗಿನ ತಣ್ಣೀರಿಗೆ ಹೋಗಿಬಿಡಬಹುದು. ಪುಟ್ಟಿಯ ಕಣ್ಣಲ್ಲಿ ದಳದಳ ನೀರು. ಅಳಿಯ ಏನು ಹೇಳಿದರೂ ಕೇಳಲಿಲ್ಲ.

ಬುಗ್ಗೆಯ ಸುತ್ತ ಹಲಗೆ ಹಾಸಿದ ಕಾಲುದಾರಿ ಇದೆ. ನನ್ನ ಮೊಣಕಾಲಿಗೆ ಅದೇ ಸರಿ. ಅವಳ ಕೈ ಹಿಡಿದು ನಡೆದೆ. ನಮ್ಮ ಹಾವಕ್ಕಿಯ ನೆಂಟನೊಂದು ಕೊಂಬೆಯ ಮೇಲೆ ರೆಕ್ಕೆ ಹರವಿ ಒಣಗಿಸುತ್ತಿತ್ತು. ಕೆಳಗೆ ನೀಲಿ ಗಾಜಿನಂಥ ನೀರು, ತಳದಲ್ಲಿ ಒತ್ತೊತ್ತಾಗಿ ಬೂದುಬಣ್ಣದ ಬಂಡೆಗಳು. ಅದರಲ್ಲೊಂದು ಬಂಡೆ ಮೇಲೆ ಬಂದು ಮೂಗು ತೂರಿಸಿ ‘ಫುಸ್’ ಎಂದಿತು!

ಅಳು ನಿಂತಿತು. ಪುಟ್ಟಿ ಮೂಗು ಮುಚ್ಚಿಕೊಂಡು ಮಲಗಿದ್ದೊಂದರ ಜೊತೆ ಪಂದ್ಯಕ್ಕೆ ನಿಂತಳು. ನಲವತ್ತು ಎಣಿಸುವಷ್ಟರಲ್ಲಿ ಇವಳು ಸೋತಳು. ಅದು ಅಲುಗಲಿಲ್ಲ. ಮಲಗಿದ್ದಾಗ ಅವು 20 ನಿಮಿಷದವರೆಗೂ ಉಸಿರು ಹಿಡಿಯಬಲ್ಲವು.

“ಅಜ್ಜಿ, ಕೈಯಲ್ಲಿ ಉಗುರು ನೋಡು! ಸಕ್ರೆಬೈಲಿನ ಆನೆ ಥರಾನೇ!” ಹಿಂದಿನ ವರ್ಷ ಶಿವಮೊಗ್ಗದ ಹತ್ತಿರದ ಆ ಬಿಡಾರದಲ್ಲಿ ಆನೆಗಳು ತುಂಗೆಯಲ್ಲಿ ಮೀಯುವುದನ್ನು ನೋಡಿದ್ದಳು. ಅವಳ ಊಹೆ ಸರಿ. ಹೆಸರಿಗೆ ಹಸುವಾದರೂ ಇದರ ನೆಂಟಸ್ತನ ಆನೆಯ ಜೊತೆ. ಆನೆಗಿರುವಂತೆಯೇ ಇದಕ್ಕೂ ದವಡೆಹಲ್ಲು ಹಿಂದಿನಿಂದ ಮುಂದೆ ಸರಿದು, ಸವೆದದ್ದು ಉದುರುತ್ತದೆ. ಆನೆಗೆ 6 ಸಲ ಮಾತ್ರ, ಇದಕ್ಕೆ ಬದುಕಿರುವಷ್ಟು ಕಾಲವೂ. ಕಟ್ಟಿಸಿದ ಹಲ್ಲಿನ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಆಮೇಲೆ ಕಂಡದ್ದು ಒಂದು ತಾಯಿ. ಮರಿ ಅದರ ಕಂಕುಳಿಗೆ ಬಾಯಿಟ್ಟು ಹಾಲು ಕುಡಿಯುತ್ತಿತ್ತು. ತಾಯಿಯ ಬೆನ್ನ ಮೇಲೆ ನೇಗಿಲು ಎಳೆದಂತೆ ಸಾಲಾಗಿ ಬಿಳಿ ಗೆರೆಗಳು.

“ಯಾರು ಗೀಚಿದ್ದು?”

ಪಕ್ಕದಲ್ಲಿದ್ದ ಸ್ವಯಂಸೇವಕಿ ಹೇಳಿದರು: ದೋಣಿಯ ಯಂತ್ರದ ರೆಕ್ಕೆ ಬಡಿದ ಗಾಯ. ಉಸಿರಿಗೆಂದು ಮೇಲೆ ಬಂದಾಗ ವೇಗದ ದೋಣಿಯಿಂದ ತಪ್ಪಿಸಿಕೊಳ್ಳಲು ಇವಕ್ಕೆ ಆಗುವುದಿಲ್ಲ. ಎಷ್ಟೋ ಕಡಲಹಸುಗಳನ್ನು ಸಂಶೋಧಕರು ಗುರುತು ಹಿಡಿಯುವುದೇ ಈ ಗಾಯದ ಕಲೆಗಳಿಂದ. ಹಸಿವು ಇನ್ನೊಂದು ಶತ್ರು. 2021ರಲ್ಲಿ ಫ್ಲೋರಿಡಾದಲ್ಲಿ ಸುಮಾರು 1,100 ಕಡಲಹಸುಗಳು ಸತ್ತವು. ಪೂರ್ವ ಕರಾವಳಿಯಲ್ಲಿ ನೀರು ಕೆಟ್ಟು ಕಡಲಹುಲ್ಲು ನಾಶವಾಗಿತ್ತು.

ಪುಟ್ಟಿ ಗೆರೆ ಎಣಿಸಿದಳು. ಏಳು. ಈಜುಕನ್ನಡಕ ಕಾರಿನಲ್ಲೇ ಉಳಿಯಿತು, ಅದರ ಸುದ್ದಿಯನ್ನೂ ಅವಳು ಎತ್ತಲಿಲ್ಲ.

ರಾತ್ರಿ ಸ್ನಾನಕ್ಕೆ ಬಿಸಿನೀರಿನ ತೊಟ್ಟಿಯಲ್ಲಿ ಕೂತವಳು ಎದ್ದು ಬರಲೇ ಇಲ್ಲ. ಟವೆಲ್ ಹಿಡಿದು ನಾನು ಕರೆದರೆ, ಮೂಗು ಮಾತ್ರ ನೀರಿನಿಂದ ಮೇಲೆ ಬಂತು.

“ಫುಸ್! ಹೊರಗೆ ಚಳಿ ಅಜ್ಜಿ. ಇವತ್ತು ಯಾರೂ ಒಳಗೆ ಬರೋ ಹಾಗಿಲ್ಲ.”