ಹೊಸದಾಗಿ ಸೇರುವವರ ಗಮನಕ್ಕೆ

ಬರೆದು ತುಂಬಾ ದಿನ ಆಯ್ತು. ಆಫೀಸು, ರಿಲೀಸು, ಮತ್ತೆ ಆಫೀಸು... ಅದೇ ರಾಗ, ಅದೇ ತಾಳ. ಇದರ ಮಧ್ಯೆ ಶನಿವಾರ ರಾತ್ರಿ ನಾನು ಮಾಡೋ ಇನ್ನೊಂದು ಕೆಲಸದ ಬಗ್ಗೆ ನಿಮಗೆ ಯಾವತ್ತೂ ಹೇಳಿಲ್ಲ. ನಾನೊಬ್ಬ ಸೆಕ್ಷನ್ ಕಮಾಂಡರ್. ಒಂಬತ್ತು ಜನ ನಾನು ಹೇಳಿದ ಹಾಗೆ ಕೇಳ್ತಾರೆ. (ಮನೆಯಲ್ಲೂ ಆಫೀಸಲ್ಲೂ ಒಬ್ಬರೂ ಕೇಳಲ್ಲ, ಅದು ಬೇರೆ ವಿಷಯ :))

ಗಾಬರಿ ಬೇಡ, ಎಲ್ಲ ಕಂಪ್ಯೂಟರಿನ ಒಳಗೆ. ಆರ್ಮಾ 3 ಅಂತ ಒಂದು ಆಟ ಇದೆ. ಜೆಕ್ ಗಣರಾಜ್ಯದ ಬೊಹೀಮಿಯಾ ಇಂಟರಾಕ್ಟಿವ್ ಅನ್ನೋ ಕಂಪನಿ 2013ರಲ್ಲಿ ಬಿಡುಗಡೆ ಮಾಡಿದ್ದು. ಹಾಸ್ಟೆಲಿನಲ್ಲಿ ಲ್ಯಾನ್ ಎಳೆದು ಆಡ್ತಿದ್ದ ಕೌಂಟರ್ ಸ್ಟ್ರೈಕ್ ಥರ ಅಲ್ಲ ಇದು. ಆಟ ನಡೆಯೋ ಆಲ್ಟಿಸ್ ಅನ್ನೋ ದ್ವೀಪವೇ ಸುಮಾರು 270 ಚದರ ಕಿಲೋಮೀಟರ್ ಇದೆ. ಗ್ರೀಸ್ ದೇಶದ ಲೆಮ್ನೋಸ್ ದ್ವೀಪವನ್ನ ನೋಡಿ ಮಾಡಿದ್ದು. ಒಂದು ಗಂಟೆ ನಡೆದು, ಪೊದೆಯಲ್ಲಿ ಅರ್ಧ ಗಂಟೆ ಮಲಗಿ, ಒಂದೂ ಗುಂಡು ಹಾರಿಸದೆ ಸತ್ತು ಹೋಗೋದು ಇಲ್ಲಿ ಮಾಮೂಲು. ಸತ್ತ ಮೇಲೆ ಆವತ್ತಿನ ಆಟ ಮುಗಿಯೋ ತನಕ ನೋಡ್ತಾ ಕೂರಬೇಕು, ಅಷ್ಟೇ.

ನಮ್ಮ ಕ್ಲಬ್ಬಿನಲ್ಲಿ ಮೂವತ್ತು ಚಿಲ್ಲರೆ ಜನ ಇದ್ದೀವಿ. ಬೆಂಗಳೂರು, ಪುಣೆ, ಕೊಚ್ಚಿ, ದುಬೈ, ಸಿಂಗಪುರ. ಈ ವಾರ ಹೊಸಬರು ನಾಲ್ಕು ಜನ ಸೇರ್ತಿದ್ದಾರೆ. ಅವರಿಗೆ ನಿಯಮ ಹೇಳಿಕೊಡೋ ಜವಾಬ್ದಾರಿ ನನ್ನ ತಲೆಗೆ ಬಂದಿದೆ. ಗುಂಡು ಹಾರಿಸೋ ಆಟಕ್ಕೆ ಎಂಥಾ ನಿಯಮ ಮಾರಾಯ ಅಂತ ನೀವು ಕೇಳಬಹುದು. ತಮಾಷೆ ಅಂದ್ರೆ, ನಮ್ಮ ನಿಯಮಗಳಲ್ಲಿ ಗುಂಡು ಹಾರಿಸೋದರ ಬಗ್ಗೆ ಇರೋದು ಬಹಳ ಕಮ್ಮಿ.

ಮೊದಲನೆಯದು ಹೊತ್ತು. ಆಟ ಶುರುವಾಗೋದು 1600 ಜುಲು. ಜುಲು ಅಂದ್ರೆ ಗ್ರೀನಿಚ್ ಲೆಕ್ಕದ ಸಮಯಕ್ಕೆ ಸೇನೆಯವರು, ವಿಮಾನದವರು ಇಟ್ಟಿರೋ ಹೆಸರು. ನಮಗೆ ರಾತ್ರಿ ಒಂಬತ್ತೂವರೆ, ದುಬೈಗೆ ಎಂಟು, ಸಿಂಗಪುರದವನಿಗೆ ಸರಿಯಾಗಿ ಮಧ್ಯರಾತ್ರಿ. ಅವನು ನಿದ್ದೆಗೆಟ್ಟು ಬಂದು ಕೂತಿರುವಾಗ ನಾವು ಒಂಬತ್ತು ಇಪ್ಪತ್ತೈದಕ್ಕೆ ಮಾಡ್‌ಗಳನ್ನ ಡೌನ್‌ಲೋಡ್ ಹಾಕಿ "ಇನ್ನೂ ಎಂಟು ಜಿಬಿ ಇದೆ" ಅನ್ನೋ ಹಾಗಿಲ್ಲ. ಎಲ್ಲರ ಹತ್ತಿರ ಒಂದೇ ಮಾಡ್, ಒಂದೇ ವರ್ಷನ್ ಇರಬೇಕು. ಇಲ್ಲಾಂದ್ರೆ ಸರ್ವರ್ ಒಳಗೇ ಬಿಡಲ್ಲ. ಸಾಫ್ಟ್‌ವೇರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ರೇಡಿಯೋ. ಹೊಸಬರಿಗೆ ಎಲ್ಲಕ್ಕಿಂತ ಕಷ್ಟ ಆಗೋದು ಇದೇ. ಮೊದಲು ಯಾರನ್ನ ಕರೀತಿದೀರೋ ಅವರ ಹೆಸರು, ಆಮೇಲೆ ನಿಮ್ಮ ಹೆಸರು, ಆಮೇಲೆ ಸುಮ್ಮನೆ ಕಾಯಬೇಕು. ಅವರು "ಹೇಳು" ಅಂದ ಮೇಲೆ ವಿಷಯ. ವಿಷಯ ಕೇಳಿಸಿಕೊಂಡವನು ಅದನ್ನ ತಿರುಗಿ ಒಪ್ಪಿಸಬೇಕು. ಸಿನಿಮಾದಲ್ಲಿ ಬರೋ "ಓವರ್ ಅಂಡ್ ಔಟ್" ಇಲ್ಲಿ ನಡೆಯಲ್ಲ. ಓವರ್ ಅಂದ್ರೆ ನನ್ನದು ಮುಗೀತು, ನೀನು ಮಾತಾಡು ಅಂತ. ಔಟ್ ಅಂದ್ರೆ ಮಾತೇ ಮುಗೀತು ಅಂತ. ಎರಡನ್ನೂ ಒಟ್ಟಿಗೆ ಹೇಳೋದು ಊಟಕ್ಕೆ ಕರೆದು ಬಾಗಿಲು ಹಾಕಿಕೊಂಡ ಹಾಗೆ.

ಇನ್ನೊಂದು ನಿಷೇಧಿತ ಪದ "ರಿಪೀಟ್". ಕೇಳಿಸದಿದ್ರೆ "ಸೇ ಅಗೇನ್" ಅನ್ನಬೇಕು. ಯಾಕಂದ್ರೆ ಫಿರಂಗಿ ದಳದ ಭಾಷೆಯಲ್ಲಿ ರಿಪೀಟ್ ಅಂದ್ರೆ ಅದೇ ಜಾಗಕ್ಕೆ ಇನ್ನೊಂದು ಸಲ ಹೊಡಿ ಅಂತ ಅರ್ಥ. ಹೋದ ವರ್ಷ ಒಬ್ಬ ಹೊಸ ಹುಡುಗ ಮಾರ್ಟರಿನವನಿಗೆ ಗುರಿ ಹೇಳ್ತಿದ್ದ. ಆ ಕಡೆಯ ಉತ್ತರ ಕೇಳಿಸದೆ "ರಿಪೀಟ್, ರಿಪೀಟ್" ಅಂದ. ಮಾರ್ಟರಿನವನು ಶಿಸ್ತಿನ ಸಿಪಾಯಿ, ಎರಡು ಸಲ ಹೊಡೆದ. ಅಷ್ಟೊತ್ತಿಗೆ ನಮ್ಮವರು ಆರು ಜನ ಆ ಜಾಗಕ್ಕೆ ಹೋಗಿ ನಿಂತಿದ್ರು. ಆರು ಜನರೂ ಉಳಿದ ಒಂದೂವರೆ ಗಂಟೆ ಪ್ರೇಕ್ಷಕರು!

ಆದ್ರೆ ಆವತ್ತು ಆ ಹುಡುಗನ್ನ ಯಾರೂ ಬೈಯಲಿಲ್ಲ. ಅದು ಮೂರನೆಯ ನಿಯಮ. ನಮ್ಮವರಿಗೇ ಗುಂಡು ತಗುಲಿದ್ರೆ ಹೊಡೆದವನು ತಕ್ಷಣ ರೇಡಿಯೋದಲ್ಲಿ ಹೇಳಬೇಕು, ಮುಚ್ಚಿಡಬಾರದು. ಆಟ ನಡೀವಾಗ ಅದರ ಬಗ್ಗೆ ಜಗಳ ಇಲ್ಲ. ಆಟ ಮುಗಿದ ಮೇಲೆ ಇಪ್ಪತ್ತು ನಿಮಿಷ ಎಲ್ಲರೂ ಕೂತು ಏನಾಯ್ತು, ಯಾಕಾಯ್ತು ಅಂತ ಮಾತಾಡ್ತೀವಿ. ಪ್ರೊಡಕ್ಷನ್ ಸರ್ವರ್ ಬಿದ್ದಾಗ ಆಫೀಸಿನಲ್ಲಿ ಮಾಡೋ ಮೀಟಿಂಗಿನ ಹಾಗೇ. ವ್ಯತ್ಯಾಸ ಏನಪ್ಪಾ ಅಂದ್ರೆ, ಇಲ್ಲಿ ಅಪ್ರೈಸಲ್ ಭಯ ಇಲ್ಲದೇ ಇರೋದ್ರಿಂದ ಎಲ್ಲರೂ ನಿಜ ಹೇಳ್ತಾರೆ.

ನಾಲ್ಕನೆಯದು ಸತ್ತವರಿಗೆ. ಸತ್ತ ಮೇಲೆ ಎಲ್ಲರನ್ನೂ ಮೇಲಿಂದ ನೋಡಬಹುದು, ಶತ್ರು ಎಲ್ಲಿ ಅಡಗಿದ್ದಾನೆ ಅಂತಾನೂ ಕಾಣತ್ತೆ. ಬದುಕಿರೋರಿಗೆ ಫೋನಿನಲ್ಲೋ ವಾಟ್ಸಾಪಿನಲ್ಲೋ ಅದನ್ನ ಹೇಳಬಾರದು. ಇದನ್ನ ಹಿಡಿಯೋಕೆ ನಮ್ಮ ಹತ್ತಿರ ಯಾವ ಸಾಫ್ಟ್‌ವೇರೂ ಇಲ್ಲ. ಹೇಳಲ್ಲ ಅಂತ ನಂಬೋದು, ಅಷ್ಟೇ.

ಐದನೆಯದು ರಜಾ. ಬರೋಕೆ ಆಗದಿದ್ರೆ ಮೊದಲೇ ಒಂದು ಸಾಲು ಬರೆದು ಹಾಕಿ. ಕಾರಣ ಯಾರೂ ಕೇಳಲ್ಲ. ಹೇಳದೆ ಮೂರು ಸಲ ತಪ್ಪಿಸಿದ್ರೆ ಹೆಸರು ತೆಗೀತೀವಿ. ಹೊಸಬರಿಗೆ ಇದು ಅತಿ ಅನ್ನಿಸತ್ತೆ. ಆದ್ರೆ ವೈದ್ಯನ ಪಾತ್ರದವನು ಬರದಿದ್ರೆ ಒಂಬತ್ತು ಜನರ ಶನಿವಾರ ಹಾಳು. ಆಟ ಸುಳ್ಳು ನಿಜ, ಆದ್ರೆ ಒಂಬತ್ತು ಜನರ ಮೂರು ಗಂಟೆ ಸುಳ್ಳಲ್ಲವಲ್ಲ.

ಈ ಪಟ್ಟಿಯನ್ನ ಒಂದ್ಸಲ ಊರಿಗೆ ಹೋದಾಗ ದೊಡ್ಡಪ್ಪಂಗೆ ಓದಿ ಹೇಳಿದ್ದೆ. ನಮ್ಮದು ಹಾಸನದ ಹತ್ತಿರ ಒಂದು ಹಳ್ಳಿ. ದೊಡ್ಡಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದವರು, ಹವಾಲ್ದಾರ್ ಆಗಿ ನಿವೃತ್ತರಾದರು. ಸೆಕ್ಷನ್ ಕಮಾಂಡರ್ ಅಂದಾಗ "ಓಹೋ, ನನ್ನ ಕೆಲ್ಸಾನೇ ಕಿತ್ಕೊಂಡ್ಯಲ್ಲೋ" ಅಂತ ನಕ್ಕರು. ರೇಡಿಯೋ ನಿಯಮ ಕೇಳಿ "ಇದು ಸರಿಯಾಗಿದೆ, ನಮ್ಗೂ ಹೇಳಿದ್ದನ್ನ ತಿರುಗಿ ಹೇಳೋದನ್ನೇ ಮೊದ್ಲು ಕಲಿಸಿದ್ದು" ಅಂದ್ರು. ರಜಾ ನಿಯಮಕ್ಕೆ ಬಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾದರು. "ಒಂದು ಸಾಲು ಬರುದ್ರೆ ರಜಾನಾ? ನಿನ್ನ ಅಕ್ಕ ಹುಟ್ಟಿದಾಗ ನಂಗೆ ನಾಲ್ಕು ತಿಂಗ್ಳು ಆದ್ಮೇಲೆ ರಜಾ ಸಿಕ್ಕಿದ್ದು ಕಣಪ್ಪಾ." ಬೇಜಾರಿನಿಂದ ಹೇಳಿದ್ದಲ್ಲ. ಇದ್ದದ್ದನ್ನ ಹೇಳಿದರು.

ಅವತ್ತಿಂದ ಆರನೆಯ ನಿಯಮವನ್ನ ನಾನು ಬೇರೆ ಥರ ಓದ್ತೀನಿ. ಅದು ಹೀಗಿದೆ: ನೀವು ಸೈನಿಕರಲ್ಲ, ಸೈನಿಕರು ಅಂತ ಎಲ್ಲೂ ಹೇಳಿಕೊಳ್ಳಬೇಡಿ. ನಿಜವಾದ ರೆಜಿಮೆಂಟಿನ ಲಾಂಛನ ಹಾಕಬೇಡಿ. ಆಟದ ವಿಡಿಯೋ ಹಂಚಿಕೊಂಡರೆ ಇದು ಆಟ ಅಂತ ಬರೆದೇ ಹಂಚಿಕೊಳ್ಳಿ. ಮೊದಲು ಒಬ್ಬ ಬಂದಿದ್ದ, ತಾನು ಮಾಜಿ ಕಮಾಂಡೋ ಅಂತಿದ್ದ. ಆರು ವಾರ ಎಲ್ಲರೂ ಅವನು ಹೇಳಿದ್ದಕ್ಕೆಲ್ಲ ತಲೆ ಆಡಿಸಿದ್ರು. ಆಮೇಲೆ ಗೊತ್ತಾಯ್ತು, ಬಿ.ಕಾಂ. ಎರಡನೇ ವರ್ಷ! ಅವನನ್ನ ತೆಗೆದಾಗ "ಬರೀ ಆಟಕ್ಕೆ ಇಷ್ಟು ಸೀರಿಯಸ್ಸಾ?" ಅಂತ ಒಂದಿಬ್ಬರು ಗೊಣಗಿದ್ರು.

ಸೀರಿಯಸ್ಸು ಯಾಕೆ ಅಂತ ನನಗೆ ಸರಿಯಾಗಿ ಅರ್ಥ ಆಗಿದ್ದು 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ದಿನಗಳಲ್ಲಿ. ದೊಡ್ಡಪ್ಪನ ಮಗ, ನನ್ನ ಅಣ್ಣ, ಆಗ ಜಮ್ಮು ಕಡೆ ಇದ್ದ. ಎರಡು ದಿನದಿಂದ ಫೋನ್ ಇಲ್ಲ. ಮನೆಯ ವಾಟ್ಸಾಪ್ ಗುಂಪಿಗೆ ಯಾರೋ ಒಂದು ವಿಡಿಯೋ ಹಾಕಿದ್ರು. ಕತ್ತಲು, ಆಕಾಶಕ್ಕೆ ಕೆಂಪು ಗುಂಡುಗಳ ಸಾಲು, ಒಂದು ವಿಮಾನ ಹೊತ್ತಿಕೊಂಡು ಬೀಳತ್ತೆ. ಕೆಳಗೆ "ಈಗಷ್ಟೇ ಬಂದ ಸುದ್ದಿ". ದೊಡ್ಡಮ್ಮ ಅದನ್ನ ಹತ್ತು ಸಲ ನೋಡಿ ಊಟ ಬಿಟ್ಟು ಕೂತಿದ್ರು. ನನಗೆ ಮೂರು ಸೆಕೆಂಡಿನಲ್ಲಿ ಗೊತ್ತಾಯ್ತು, ಅದು ಆರ್ಮಾ 3. ಬೀಳ್ತಿದ್ದ ಆ ವಿಮಾನವನ್ನ ನಮ್ಮ ಶನಿವಾರಗಳಲ್ಲಿ ಎಷ್ಟೋ ಸಲ ನೋಡಿದೀನಿ.

ಫೋನ್ ಮಾಡಿ "ದೊಡ್ಡಮ್ಮಾ, ಅದು ಆಟ, ನಿಜ ಅಲ್ಲ" ಅಂದೆ. ಅವರು ನಂಬೋಕೆ ಹತ್ತು ನಿಮಿಷ ಬೇಕಾಯ್ತು. ದೊಡ್ಡಪ್ಪ ಫೋನ್ ತಗೊಂಡು ಒಂದೇ ಮಾತು ಕೇಳಿದ್ರು: "ಇದನ್ನ ಮಾಡ್ದೋನು ಯಾರು ಮಗಾ?" ನಮ್ಮಂಥೋನೇ ಯಾರೋ ರಾತ್ರಿ ಕೂತು ಆಡಿ ರೆಕಾರ್ಡ್ ಮಾಡಿರ್ತಾನೆ, ಇನ್ಯಾರೋ ತಗೊಂಡು ಸುಳ್ಳು ಹೆಸರು ಕೊಟ್ಟಿರ್ತಾನೆ ಅಂದೆ. ಅವರು "ಹೂಂ" ಅಂದ್ರು. ಅಣ್ಣ ಮೂರನೇ ದಿನ ಫೋನ್ ಮಾಡಿದ, ಆರಾಮಾಗಿದ್ದ.

ಇದು ಹೊಸ ಕಥೆ ಏನಲ್ಲ. ಉಕ್ರೇನ್ ಯುದ್ಧದ ಹೆಸರಿನಲ್ಲಿ ಈ ಆಟದ ತುಣುಕುಗಳು ಓಡಾಡಿದಾಗ, 2022ರ ನವೆಂಬರಿನಲ್ಲಿ ಕಂಪನಿಯೇ ಹೇಳಿಕೆ ಕೊಟ್ಟಿತ್ತು. ಇದು ಆಟ ಅಂತ ಸ್ಪಷ್ಟವಾಗಿ ಬರೀರಿ ಅಂತ ಆಟಗಾರರಿಗೆ ಕೇಳಿಕೊಂಡಿತ್ತು. ಸುಳ್ಳು ವಿಡಿಯೋ ಗುರುತಿಸೋದು ಹೇಗೆ ಅಂತಾನೂ ಹೇಳಿತ್ತು: ಮಸುಕು ಚಿತ್ರ, ನಡುಗುವ ಕ್ಯಾಮೆರಾ, ಹೆಚ್ಚಾಗಿ ಕತ್ತಲು, ಎಷ್ಟೋ ಸಲ ಶಬ್ದವೇ ಇರಲ್ಲ. ಅದೇ ಕಂಪನಿ 2017ರಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಜೊತೆ ಸೇರಿ 'ಲಾಸ್ ಆಫ್ ವಾರ್' ಅನ್ನೋ ಭಾಗವನ್ನೂ ತಂದಿತ್ತು. ಅದರಲ್ಲಿ ನೀವು ಸೈನಿಕನಲ್ಲ, ಯುದ್ಧ ಮುಗಿದ ಮೇಲೆ ನೆಲಬಾಂಬು ತೆಗೆಯೋಕೆ ಬಂದವನು. ನಮ್ಮ ಹೊಸಬರಿಗೆ ಅದನ್ನ ಒಂದು ಸಲ ಆಡಿ ಬನ್ನಿ ಅಂತ ಹೇಳ್ತೀನಿ.

ಹಾಗಾಗಿ ಈ ಶನಿವಾರ ಪಟ್ಟಿಯನ್ನ ತಿರುಗಿಸ್ತಿದೀನಿ. ಆರನೆಯದು ಮೊದಲು, ರೇಡಿಯೋ ಗೀಡಿಯೋ ಎಲ್ಲ ಆಮೇಲೆ. ರೇಡಿಯೋ ತಪ್ಪಿದ್ರೆ ಆರು ಜನ ಸುಳ್ಳು ಸುಳ್ಳೇ ಸಾಯ್ತಾರೆ, ಮುಂದಿನ ವಾರ ಎದ್ದು ಬರ್ತಾರೆ. ಆರನೆಯದು ತಪ್ಪಿದ್ರೆ ಎಲ್ಲೋ ಒಂದು ಮನೆಯಲ್ಲಿ ಒಬ್ಬ ಅಮ್ಮ ಊಟ ಬಿಡ್ತಾಳೆ.

ನಿಮ್ಮಲ್ಲಿ ಯಾರಿಗಾದ್ರೂ ಶನಿವಾರ ರಾತ್ರಿ ಪುರುಸೊತ್ತಿದ್ರೆ ಬನ್ನಿ. ಒಳ್ಳೇ ಹೆಡ್‌ಸೆಟ್ ಇರಲಿ, ಮಾಡ್‌ಗಳನ್ನ ಶುಕ್ರವಾರವೇ ಇಳಿಸಿಕೊಳ್ಳಿ. ಬರ್ತೀನಿ ಅಂದು ಬರೋಕೆ ಆಗದಿದ್ರೆ ಒಂದು ಸಾಲು ಹಾಕಿ, ಸಾಕು :)