ಚಿಟಿಕೆಯಷ್ಟು ಓಟ್ಸ್

ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಯಲ್ಲಿ ಅಂಬೆಗಾಲಿನ ನವನೀತಕೃಷ್ಣನಿದ್ದಾನೆ. ಅವನಿಗೆ ಬೆಣ್ಣೆಯೆಂದರೆ ಪ್ರೀತಿ ಎಂದು ಭಕ್ತರು ಬೆಣ್ಣೆ ಒಪ್ಪಿಸುತ್ತಾರೆ. ಮಗುವಿಗಾಗಿ ಹರಕೆ ಹೊತ್ತವರು ತೊಟ್ಟಿಲು ತರುತ್ತಾರೆ. ಅಕ್ಕರೆ ಹುಟ್ಟಿದ ಕಡೆ ತಿನ್ನಿಸುವ ಆಸೆಯೂ ಹುಟ್ಟುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮನೆಯಲ್ಲಿ ಮೊಲ ಸಾಕಿದವರ ಮನಸ್ಸೂ ಇದೇ. ಹುಲ್ಲು ಹಾಕಿದರೆ ಮೊಲ ತನ್ನ ಪಾಡಿಗೆ ಮೆಲ್ಲುತ್ತಿರುತ್ತದೆ. ಅಂಗೈಯಲ್ಲಿ ನಾಲ್ಕು ಓಟ್ಸ್ ಹಿಡಿದರೆ ಓಡಿ ಬರುತ್ತದೆ. ಆ ಓಟವೇ ಸಾಕುವವರನ್ನು ಸೋಲಿಸುವುದು. ಬೆಳಗಿನ ತಿಂಡಿಗೆಂದು ತಂದ ಓಟ್ಸ್ ಡಬ್ಬ ಈಗ ಚನ್ನಪಟ್ಟಣದಂಥ ಊರಿನ ಅಡುಗೆಮನೆಗೂ ಹೊಸದಲ್ಲ. ಹಾಗಾಗಿ ನಾಲ್ಕು ಕಾಳು ಒಂದು ಹಿಡಿಯಾಗಲು, ಹಿಡಿ ಒಂದು ಬಟ್ಟಲಾಗಲು ಹೆಚ್ಚು ದಿನ ಬೇಕಾಗುವುದಿಲ್ಲ. ಓಟ್ಸ್ ಕೊಡಲೇಬಾರದೆಂದು ನಾನು ಹೇಳುತ್ತಿಲ್ಲ. ಅದು ಚಿಟಿಕೆಯಲ್ಲಿರಬೇಕು, ಕೈಯಿಂದಲೇ ಹೋಗಬೇಕು, ಊಟದ ಜಾಗಕ್ಕೆ ಎಂದೂ ಬರಬಾರದು ಎನ್ನುವುದು ನನ್ನ ವಾದ. ಇದಕ್ಕೆ ಕಾರಣ ಮೊಲದ ಹೊಟ್ಟೆಯೊಳಗಿದೆ.

ಮೊಲ ಹಸುವಿನಂತೆ ಹುಲ್ಲು ತಿನ್ನುತ್ತದೆ, ಆದರೆ ಹಸುವಿನಂತೆ ಮೆಲುಕು ಹಾಕುವುದಿಲ್ಲ. ಹಸುವಿಗೆ ಹುಲ್ಲು ಹುದುಗುವ ಚೀಲ ಕರುಳಿಗಿಂತ ಮೊದಲೇ ಇದೆ; ಮೊಲಕ್ಕೆ ಅದು ಸಣ್ಣ ಕರುಳು ಮುಗಿದ ಮೇಲೆ, ದೊಡ್ಡ ಕರುಳಿನ ಬಾಯಲ್ಲಿದೆ. ಸೀಕಮ್ ಎಂಬ ಈ ಚೀಲ ಮೊಲದ ಹೊಟ್ಟೆಯ ದೊಡ್ಡ ಪಾಲನ್ನೇ ಆಕ್ರಮಿಸಿಕೊಂಡಿರುತ್ತದೆ. ಅದರೊಳಗಿನ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ, ಪ್ರೋಟೀನನ್ನೂ ಬಿ ಜೀವಸತ್ವಗಳನ್ನೂ ತಯಾರಿಸುತ್ತವೆ. ಹೀಗೆ ತಯಾರಾದದ್ದು ದ್ರಾಕ್ಷಿಗೊಂಚಲಿನಂತೆ ಅಂಟಿಕೊಂಡ ಮೆತ್ತನೆಯ ಹಿಕ್ಕೆಯಾಗಿ ಹೊರಬರುತ್ತದೆ, ಮೊಲ ಅದನ್ನು ನೆಲಕ್ಕೆ ಬೀಳಗೊಡದೆ ಮತ್ತೆ ತಿನ್ನುತ್ತದೆ. ನೋಡುವವರಿಗೆ ಹೇಸಿಗೆ ಎನಿಸಬಹುದು. ಮೊಲಕ್ಕೆ ಅದೇ ಎರಡನೆಯ ಊಟ. ಈ ಏರ್ಪಾಡೆಲ್ಲ ಒರಟು ನಾರಿನ ಮೇಲೆ ನಿಂತಿದೆ. ಕರುಳು ಸದಾ ಚಲಿಸುತ್ತಿರಬೇಕಾದರೆ ನಾರು ಬೇಕು. ಜೀವಮಾನವಿಡೀ ಬೆಳೆಯುವ, ವಾರಕ್ಕೆ ಸುಮಾರು 2 ಮಿಲಿಮೀಟರ್ ಉದ್ದವಾಗುವ ಮುಂದಿನ ಹಲ್ಲು ಸವೆಯಬೇಕಾದರೂ ಗಂಟೆಗಟ್ಟಲೆ ಹುಲ್ಲು ಅಗಿಯಬೇಕು. ಪಶುವೈದ್ಯರು ಆಹಾರದಲ್ಲಿ ನೂರಕ್ಕೆ ಎಂಬತ್ತು ಪಾಲು ಹುಲ್ಲಿರಲಿ ಎನ್ನುವುದು ಇದಕ್ಕೇ.

ಈಗ ಓಟ್ಸ್ ನೋಡೋಣ. 100 ಗ್ರಾಂ ಒಣ ಓಟ್ಸ್‌ನಲ್ಲಿ ನಾರು ಸುಮಾರು 10 ಗ್ರಾಂ, ಉಳಿದುದರ ಬಹುಪಾಲು ಪಿಷ್ಟ. ಅಕ್ಕಿ ತಿನ್ನುವ ನಮಗೆ 10 ಗ್ರಾಂ ನಾರು ದೊಡ್ಡ ಮಾತು. ಓಟ್ಸ್‌ನ ಬೀಟಾ ಗ್ಲೂಕಾನ್ ಎಂಬ ನಾರು ಮನುಷ್ಯರ ಕೊಲೆಸ್ಟರಾಲ್ ಇಳಿಸಲು ನೆರವಾಗುವುದೂ ನಿಜ. ವೈದ್ಯರೇ ನಮಗೆ ತಿನ್ನಿ ಎಂದದ್ದು ಮೊಲಕ್ಕೆ ಹೇಗೆ ಕೆಟ್ಟದಾದೀತು ಎಂದು ಕೇಳುವವರ ತರ್ಕ ಇಲ್ಲಿಂದಲೇ ಬರುವುದು. ಒಣ ಹುಲ್ಲಿನ ಮೂರನೇ ಒಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ನಾರೇ ಆಗಿರುವಾಗ, ಅದನ್ನೇ ತಿನ್ನಲು ಹುಟ್ಟಿದ ಪ್ರಾಣಿಗೆ ಓಟ್ಸ್ ನಾರಿನ ಆಹಾರವಾಗದು, ಪಿಷ್ಟದ ಆಹಾರವೇ ಆಗುತ್ತದೆ. ಅರಗದೆ ಉಳಿದ ಪಿಷ್ಟ ಸೀಕಮ್ಮಿಗೆ ಇಳಿದರೆ ಅಲ್ಲಿನ ಜೀವಿಗಳ ಸಮತೋಲ ಕೆಡುತ್ತದೆ. ಎಳೆಯ ಮರಿಗಳಲ್ಲಿ ಕ್ಲಾಸ್ಟ್ರಿಡಿಯಂ ಸ್ಪೈರೋಫಾರ್ಮೆ ಎಂಬ ಬ್ಯಾಕ್ಟೀರಿಯಾ ಹೆಚ್ಚಿ, ಅದರ ವಿಷ ಪ್ರಾಣಕ್ಕೇ ಎರವಾಗಬಹುದು. ಬೆಳೆದ ಮೊಲಕ್ಕೆ ಬೊಜ್ಜು ಬರುತ್ತದೆ. ಮೆತ್ತನೆಯ ಹಿಕ್ಕೆಯನ್ನು ತಿನ್ನದೆ ಬಿಡುತ್ತದೆ, ಅದು ಹಿಂಬದಿಯ ಕೂದಲಿಗೆ ಮೆತ್ತಿಕೊಂಡರೆ ಮಳೆಗಾಲದಲ್ಲಿ ನೊಣ ಕೂತು ಹುಳುವಾಗುತ್ತದೆ. ಇದರ ಜೊತೆಗೆ ಮೊಲಕ್ಕೆ ವಾಂತಿ ಮಾಡುವ ಶಕ್ತಿ ಇಲ್ಲ. ನಾವು ತಿನ್ನಿಸಿದ ತಪ್ಪನ್ನು ಅದು ಹೊರಹಾಕಲಾರದು.

ಸಾಕಾಣಿಕೆ ಕೇಂದ್ರಗಳಲ್ಲಿ ಮೊಲಕ್ಕೆ ದಿನವೂ ಜೋಳ, ಹಿಂಡಿ, ಬೂಸಾ ಹಾಕುತ್ತಾರಲ್ಲ, ಅವು ಚೆನ್ನಾಗಿಯೇ ಬೆಳೆಯುತ್ತವಲ್ಲ ಎಂಬ ಮಾತು ಉಂಟು. ಬೆಳೆಯುತ್ತವೆ, ನಿಜ. ಸೋವಿಯತ್ ಚಿಂಚಿಲಾ, ವೈಟ್ ಜೈಂಟ್, ನ್ಯೂಜಿಲೆಂಡ್ ವೈಟ್ ತಳಿಗಳನ್ನು ಮಾಂಸಕ್ಕೆ ಸಾಕುವವರ ಲೆಕ್ಕ ಮೂರು ತಿಂಗಳಲ್ಲಿ ಸುಮಾರು 2 ಕಿಲೋ ತೂಕ. ಅವರ ದಾಣಿಯೂ ಹುಲ್ಲಿನ ಜೊತೆಗೆ ಅಳತೆಯಲ್ಲಿ ಬೆರೆಸಿದ್ದು, ಬೇಕೆಂದಷ್ಟು ಸುರಿದ ಕಾಳಲ್ಲ. ಮನೆಯ ಮೊಲ ಎಂಟು ಹತ್ತು ವರ್ಷ ಬಾಳಬೇಕಾದದ್ದು. ಮೂರು ತಿಂಗಳ ಲೆಕ್ಕದ ಮೇವನ್ನು ಹತ್ತು ವರ್ಷದ ಬದುಕಿಗೆ ಹೊಂದಿಸಲಾಗದು. ಕಾಡಿನಲ್ಲಿ ಮೊಲ ತೆನೆ ತಿನ್ನುವುದಿಲ್ಲವೇ ಎಂಬ ಇನ್ನೊಂದು ಪ್ರಶ್ನೆಯೂ ಬರುತ್ತದೆ. ನಮ್ಮ ರಾಗಿ ಹೊಲದಲ್ಲಿ ಜಿಗಿಯುವುದು ಕಾಡುಮೊಲ, ಅದರ ಜಾತಿಯೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವಂತಿಲ್ಲ, ಸಾಕುವಂತಿಲ್ಲ. ಮನೆಯ ಮೊಲದ ಮೂಲ ಸ್ಪೇನ್, ಪೋರ್ಚುಗಲ್‌ಗಳ ಕಡೆಯದು. ಅಲ್ಲಿಯೂ ಅದಕ್ಕೆ ಕಾಳು ಸಿಕ್ಕರೆ ಒಂದು ತೆನೆ ಸಿಕ್ಕೀತು, ಅದರ ಸುತ್ತ ಹೊಟ್ಟೂ ದಂಟೂ ಇರುತ್ತದೆ. ಗಿರಣಿಯಲ್ಲಿ ಹೊಟ್ಟು ಕಳೆದು, ಬೇಯಿಸಿ, ಚಪ್ಪಟೆ ಮಾಡಿದ ಓಟ್ಸ್ ಯಾವ ಬಯಲಲ್ಲೂ ಬೆಳೆಯುವುದಿಲ್ಲ. ಓಟ್ಸ್ ಗಿಡವನ್ನೇ ಕಾಳು ಕಟ್ಟುವ ಮುಂಚೆ ಹಸಿರಿರುವಾಗ ಕೊಯ್ದು ಒಣಗಿಸಿದರೆ, ಮೊಲಕ್ಕೆ ಅದು ಒಳ್ಳೆಯ ಮೇವು. ತೊಂದರೆ ಇರುವುದು ಕಾಳಿನ ಪ್ರಮಾಣದಲ್ಲಿ.

ಹಾಗಾದರೆ ಪರದೇಶದ ಕಾಳು ಬಿಟ್ಟು ನಮ್ಮ ರಾಗಿಯನ್ನೇ ಕೊಡಬಾರದೇ? ರಾಮನಗರದ ಸೀಮೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದದ್ದೂ ಹೌದು. ರಾಗಿಯ ಹಿರಿಮೆ ಅದರ ಸುಣ್ಣದಂಶ: 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಓಟ್ಸ್‌ನಲ್ಲಿ ಸುಮಾರು 50. ನಮ್ಮ ಮೂಳೆಗೆ ವರವಾದ ಇದೇ ಗುಣ ಮೊಲಕ್ಕೆ ಹೊರೆಯಾಗಬಹುದು. ನಮ್ಮ ದೇಹ ಬೇಕಾದಷ್ಟು ಕ್ಯಾಲ್ಸಿಯಂ ಹೀರಿಕೊಂಡು ಹೆಚ್ಚಿನದನ್ನು ಮಲದಲ್ಲೇ ಬಿಡುತ್ತದೆ. ಮೊಲ ತಿಂದುದರಲ್ಲಿ ಬಹಳಷ್ಟನ್ನು ರಕ್ತಕ್ಕೆ ಸೇರಿಸಿಕೊಂಡು, ಹೆಚ್ಚಾದುದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಮಿತಿ ಮೀರಿದರೆ ಮೂತ್ರ ಬಿಳಿ ಗಸಿಯಂತೆ ಗಟ್ಟಿಯಾಗಿ, ಕೊನೆಗೆ ಕಲ್ಲು ಕಟ್ಟುವ ಅಪಾಯವಿದೆ. ಚಿಟಿಕೆ ರಾಗಿಯಿಂದ ಕೇಡಾಗದು. ಆದರೆ ದಿನವೂ ಕುದುರೆ ಮಸಾಲೆ ಸೊಪ್ಪು, ಹಿಪ್ಪುನೇರಳೆ ಎಲೆ ಕೊಡುವ ಮನೆಯಲ್ಲಿ ಅದರ ಮೇಲೆ ರಾಗಿಯೂ ಸೇರಿದರೆ ಕ್ಯಾಲ್ಸಿಯಂ ಎಲ್ಲ ಕಡೆಯಿಂದಲೂ ಬಂದಂತಾಯಿತು. ರಾಗಿ ಮುದ್ದೆಯಂತೂ ಬೆಂದ ಪಿಷ್ಟ, ಬೇಡವೇ ಬೇಡ. ರೇಷ್ಮೆಯ ಈ ನಾಡಿನಲ್ಲಿ ಹಿಪ್ಪುನೇರಳೆ ಕೈಗೆಟಕುವ ಮೇವು, ಮೊಲಕ್ಕೆ ಇಷ್ಟವಾದದ್ದೂ ಹೌದು. ಒಂದೆರಡು ಎಲೆ ಓಟ್ಸ್‌ಗಿಂತ ಒಳ್ಳೆಯ ಉಪಚಾರ. ಒಂದೇ ಎಚ್ಚರಿಕೆ: ಔಷಧಿ ಹೊಡೆದ ತೋಟದ ಎಲೆ ಬೇಡ, ರೇಷ್ಮೆ ಹುಳು ಮನೆಯ ತಟ್ಟೆಯಲ್ಲಿ ಉಳಿದ ಎಲೆಯೂ ಬೇಡ, ಅದರ ಮೇಲೆ ಸುಣ್ಣ, ಸೋಂಕುನಿವಾರಕ ಪುಡಿ ಬಿದ್ದಿರುತ್ತದೆ. ದಿನದ ಊಟಕ್ಕೆ ಗರಿಕೆ ಇದೆ, ಒಣಗಿಸಿದ ನೇಪಿಯರ್ ಇದೆ, ಬೂಸಲು ಹಿಡಿಯದ ರಾಗಿ ಹುಲ್ಲಿದೆ.

ಇಷ್ಟೆಲ್ಲ ಕೇಡು ಹೇಳಿ ಮತ್ತೆ ಚಿಟಿಕೆ ಓಟ್ಸ್ ಏಕೆ ಕೊಡಬೇಕು? ಅದರ ಉಪಯೋಗ ಪೋಷಣೆಯಲ್ಲಿಲ್ಲ, ಪರಿಚಯದಲ್ಲಿದೆ. ಮೊಲ ಬೇಟೆಗೆ ಗುರಿಯಾಗುವ ಪ್ರಾಣಿ. ನೋವನ್ನು ಮುಚ್ಚಿಡುವುದು ಅದರ ಸ್ವಭಾವ. ನಾಯಿಯಂತೆ ಕುಂಯ್ ಎನ್ನುವುದಿಲ್ಲ, ಮೂಲೆಯಲ್ಲಿ ಸುಮ್ಮನೆ ಕೂರುತ್ತದೆ, ನಾವು ಮಲಗಿದೆ ಅಂದುಕೊಳ್ಳುತ್ತೇವೆ. ಅದರ ಆರೋಗ್ಯ ತಿಳಿಯಲು ನಂಬಬಹುದಾದ ದಾರಿ ಹಸಿವು. ದಿನವೂ ಒಂದೇ ಹೊತ್ತಿಗೆ ನಾಲ್ಕೈದು ಓಟ್ಸ್ ಕಾಳನ್ನು ಕೈಯಿಂದ ಕೊಡುವ ಮನೆಯವರಿಗೆ, ಒಂದು ದಿನ ಅದು ಮುಖ ತಿರುಗಿಸಿದರೆ ಆ ಕ್ಷಣವೇ ತಿಳಿಯುತ್ತದೆ. ಬಟ್ಟಲು ತುಂಬ ಸುರಿದವರಿಗೆ ಅದು ಗೊತ್ತಾಗುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಬೆಳೆದು 2 ಕಿಲೋ ತೂಗುವ ಮೊಲಕ್ಕೆ ಇಡೀ ವಾರಕ್ಕೆ ಒಂದೆರಡು ಚಹಾ ಚಮಚ ಸಾಕು. ಸಾದಾ ಓಟ್ಸ್ ಇರಲಿ, ಒಣಗಿದ್ದೇ ಇರಲಿ. ಹಾಲು, ಸಕ್ಕರೆ ಬೇಡ. ಮಸಾಲೆ ಓಟ್ಸ್‌ನಲ್ಲಿ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇರುವುದರಿಂದ ಹತ್ತಿರವೂ ತರಬಾರದು. ಮೂರು ತಿಂಗಳೊಳಗಿನ ಮರಿಗೆ, ಭೇದಿಯಾಗುತ್ತಿರುವ ಮೊಲಕ್ಕೆ, ಬೊಜ್ಜು ಬಂದದ್ದಕ್ಕೆ ಚಿಟಿಕೆಯೂ ಬೇಡ. ಮುಪ್ಪಿನಿಂದ ಸೊರಗಿದ ಮೊಲಕ್ಕೆ ಪಶುವೈದ್ಯರೇ ತುಸು ಹೆಚ್ಚು ಹೇಳಿದರೆ ಅದು ಬೇರೆ ಮಾತು. ಇಷ್ಟದ ಓಟ್ಸನ್ನೂ ಮೂಸದೆ ಕೂತ ಮೊಲ ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದರ ಕರುಳು ನಿಂತಿದೆ ಎಂದೇ ತಿಳಿಯಿರಿ. ಬೆಳಗಾಗಲಿ, ನೋಡೋಣ ಎನ್ನಬೇಡಿ. ಹತ್ತಿರದ ಪಶುವೈದ್ಯರಿಗೆ ಅದೇ ಹೊತ್ತಿನಲ್ಲಿ ಫೋನ್ ಮಾಡಿ.